ಉಪಗ್ರಹ ಮೇಲಿಂದ ಬೈಕಿನ ನಂಬರ್ ಓದುತ್ತದಾ?

ತೊಗರಿಹೊಲ, ಸೇಡಂ:
ಬೇಹುಗಾರಿಕೆ ಉಪಗ್ರಹ ಬೈಕಿನ ನಂಬರ್ ಪ್ಲೇಟ್ ಕೂಡ ಓದುತ್ತದೆ, ದಿನವಿಡೀ ಒಂದೇ ಊರನ್ನು ನೋಡುತ್ತಾ ಇರುತ್ತದೆ ಅಂತ ನಮ್ಮ ಕಾಕಾ ಹೇಳುತ್ತಾರೆ. ನಿಜಾನಾ? ಶ್ರಾವಣದಲ್ಲಿ ಮೋಡ ಕವಿದರೆ ಏನು ಗತಿ?

ಮಾಸ್ತರ್, ಕಲಬುರಗಿ:
ತಮ್ಮಾ, ನಂಬರ್ ಓದಲು ಆಗುವುದಿಲ್ಲ. ಬೆಳಕು ಅಲೆ. ಹಾಗಾಗಿ ಕ್ಯಾಮೆರಾದ ಕನ್ನಡಿ ಎಷ್ಟು ಅಗಲವೋ ಅಷ್ಟೇ ಸ್ಪಷ್ಟ ಚಿತ್ರ. ಹಬಲ್ ದೂರದರ್ಶಕದ ಕನ್ನಡಿ 2.4 ಮೀಟರ್. ಅಷ್ಟು ದೊಡ್ಡದನ್ನು 250 ಕಿ.ಮೀ. ಎತ್ತರದಿಂದ ಕೆಳಗೆ ತಿರುಗಿಸಿದರೂ ಸುಮಾರು 7 ಸೆಂ.ಮೀ.ಗಿಂತ ಹತ್ತಿರದ ಎರಡು ಚುಕ್ಕಿ ಬೇರೆಬೇರೆಯಾಗಿ ಕಾಣುವುದಿಲ್ಲ. ಪ್ಲೇಟಿನ ಅಕ್ಷರದ ಗೆರೆ ಒಂದು ಸೆಂ.ಮೀ. ದಪ್ಪವೂ ಇರುವುದಿಲ್ಲ, ಅಲ್ವಾ? ಮೇಲಾಗಿ ಪ್ಲೇಟ್ ನೆಟ್ಟಗೆ ನಿಂತಿರುತ್ತದೆ. ಇಸ್ರೋ 2019ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-3 ಸುಮಾರು 509 ಕಿ.ಮೀ. ಎತ್ತರದಿಂದ ನೋಡುತ್ತದೆ. ಅದರ ಚಿತ್ರದ ಒಂದು ಚುಕ್ಕಿ ಎಂದರೆ ನೆಲದ ಮೇಲೆ ಸುಮಾರು 25 ಸೆಂ.ಮೀ. ನಿಮ್ಮ ಹೊಲದ ಟ್ರ್ಯಾಕ್ಟರ್ ಗುರುತು ಸಿಗುತ್ತದೆ. ಓಡಿಸುವವರ ಮುಖ ಸಿಗುವುದಿಲ್ಲ.

ದಿನವಿಡೀ ನೋಡುವ ಮಾತಂತೂ ಸುಳ್ಳು. ಆ ಎತ್ತರದಲ್ಲಿ ಬೀಳದೆ ಉಳಿಯಬೇಕೆಂದರೆ ಸೆಕೆಂಡಿಗೆ ಸುಮಾರು 7.6 ಕಿ.ಮೀ. ಓಡಲೇಬೇಕು. ಸೇಡಂನಿಂದ ಕಲಬುರಗಿಯಷ್ಟು ದೂರ ಅದಕ್ಕೆ ಏಳೆಂಟು ಸೆಕೆಂಡು. ಒಂದೂವರೆ ಗಂಟೆಗೆ ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಭೂಮಿ ತಿರುಗಿರುತ್ತದೆ, ಕೆಳಗೆ ನಾವಿರುವುದಿಲ್ಲ, ಒಮಾನ್ ಕಡೆಯ ನೆಲ ಇರುತ್ತದೆ. ಒಂದೇ ಕಡೆ ನಿಂತಂತೆ ಕಾಣಬೇಕಾದರೆ ಸುಮಾರು 36,000 ಕಿ.ಮೀ. ಎತ್ತರಕ್ಕೆ ಹೋಗಬೇಕು. ಅಲ್ಲಿಂದ ಹೊಲ, ಬೈಕು ಯಾವುದೂ ಕಾಣುವುದಿಲ್ಲ.

ಭೀಮಾದಂಡೆ, ಅಫಜಲಪುರ:
ಮೋಡದ ಪ್ರಶ್ನೆಗೆ ನಾನು ಹೇಳುತ್ತೇನೆ. ಅದಕ್ಕೆ ರಾಡಾರ್ ಉಪಗ್ರಹಗಳಿವೆ. 2009ರಲ್ಲಿ ಹಾರಿ 2022ರವರೆಗೆ ಕಕ್ಷೆಯಲ್ಲಿದ್ದ ನಮ್ಮ ರಿಸ್ಯಾಟ್-2 ಅಂಥದ್ದೇ ಆಗಿತ್ತು. ಅವು ತಾವೇ ರೇಡಿಯೋ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಚಿತ್ರ ಮಾಡುತ್ತವೆ. ಮೋಡ, ಕತ್ತಲೆ ಅಡ್ಡಿಯಿಲ್ಲ. ನಿಂತ ನೀರು ಅಲೆಯನ್ನು ಬೇರೆ ಕಡೆ ಚಿಮ್ಮಿಸುವುದರಿಂದ ಕಪ್ಪಾಗಿ ಕಾಣುತ್ತದೆ. ನೆರೆ ಬಂದಾಗ ಎಲ್ಲೆಲ್ಲಿ ನೀರು ನಿಂತಿದೆ ಅಂತ ಇದರಿಂದಲೇ ಗೊತ್ತಾಗುವುದು. ಇಂಥ ಕಣ್ಣು ನಮ್ಮಂಥ ನದಿ ದಂಡೆಯ ಊರುಗಳಿಗೆ ಬಹಳ ಬೇಕು.

ತೊಗರಿಹೊಲ, ಸೇಡಂ:
ಹಾಗಾದರೆ ಬೇಹುಗಾರಿಕೆ ಉಪಗ್ರಹದ ಕಣ್ಣಿಂದ ತಪ್ಪಿಸಿಕೊಳ್ಳಬಹುದಾ ಮಾಸ್ತರ್?

ಮಾಸ್ತರ್, ಕಲಬುರಗಿ:
ಬರುವ ಹೊತ್ತು ಗೊತ್ತಿದ್ದರೆ ಆಗುತ್ತದೆ. 1995ರಲ್ಲಿ ರಾಜಸ್ಥಾನದ ಪೋಖ್ರಾನ್‌ನಲ್ಲಿ ನಮ್ಮ ಅಣುಬಾಂಬ್ ಪರೀಕ್ಷೆಯ ತಯಾರಿ ಅಮೆರಿಕದ ಉಪಗ್ರಹದ ಕಣ್ಣಿಗೆ ಬಿದ್ದು, ಒತ್ತಡ ಬಂದು ಪರೀಕ್ಷೆ ನಿಂತಿತು. 1998ರಲ್ಲಿ ನಮ್ಮವರು ಹೆಚ್ಚಾಗಿ ರಾತ್ರಿ ದುಡಿದರು. ಬೆಳಗಾಗುವ ಮುಂಚೆ ಯಂತ್ರಗಳನ್ನು ಮೊದಲಿದ್ದ ಜಾಗದಲ್ಲೇ ತಂದು ನಿಲ್ಲಿಸುತ್ತಿದ್ದರು. ಮೇ 11ರಂದು ಪರೀಕ್ಷೆ ಆಗುವ ತನಕ ಅಮೆರಿಕಕ್ಕೆ ಸುಳಿವೇ ಸಿಗಲಿಲ್ಲ.