ಅಪ್‌ಡೇಟ್: ನಮ್ಮ ಶಾಲೆಗಳ ಫೋಟೋ ಕಥೆ ಎಲ್ಲಿಗೆ ಬಂತು

ದಾವಣಗೆರೆ, ಹರಿಹರ, ಚಿತ್ರದುರ್ಗದಲ್ಲಿರುವ ನಮ್ಮ ಟ್ರಸ್ಟ್ ಶಾಲೆಗಳು ಫೋಟೋಗ್ರಾಫರ್‌ಗೆ ಬೇರೆ ಬೇರೆಯಾಗಿ ದುಡ್ಡು ಸುರಿಯುತ್ತವೆ, ಆದರೂ ಅಡ್ಮಿಷನ್ ಬ್ರೋಷರ್‌ಗೆ ಒಂದು ಒಳ್ಳೆ ಫೋಟೋ ಸಿಗುವುದಿಲ್ಲ, ಏನು ಮಾಡೋದು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು ಬದಲಾಗಿದ್ದು ಫೋಟೋ ತೆಗೆಸುವ ದಿನ. ವಾರ್ಷಿಕೋತ್ಸವದ ಹಾರ, ಶಾಲು, ಅತಿಥಿಗಳ ಸಾಲು ಎಷ್ಟು ಅಂತ ತೆಗೆಸೋದು? ಈಗ ಒಬ್ಬರೇ ಫೋಟೋಗ್ರಾಫರ್ ಮಾಮೂಲಿ ದಿನಗಳಲ್ಲಿ ಎಲ್ಲ ಶಾಲೆಗೂ ಹೋಗುತ್ತಾರೆ. ಕೋಟೆ ಪ್ರವಾಸಕ್ಕೂ ಬಂದಿದ್ದರು. ಓಬವ್ವನ ಕಿಂಡಿಯಿಂದ ಬಗ್ಗಿ ಹೊರಬರುತ್ತಿರುವ ಹುಡುಗಿ, ಒಂದು ಜಡೆಯ ರಿಬ್ಬನ್ ಬಿಚ್ಚಿಹೋಗಿದೆ, ಮುಖದ ತುಂಬ ನಗು. ಬ್ರೋಷರ್‌ನ ಮುಖಪುಟ ಅದೇ.

24 ಮೆಗಾಪಿಕ್ಸೆಲ್ ಫೋಟೋ 300 ಡಿಪಿಐನಲ್ಲಿ (ಅಂದರೆ ಇಂಚಿಗೆ 300 ಚುಕ್ಕಿ) 20×13 ಇಂಚಿಗೆ ಆರಾಮಾಗಿ ಪ್ರಿಂಟ್ ಆಗುತ್ತದೆ. ಅದನ್ನೇ ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಕುಗ್ಗಿಬಿಡುತ್ತದೆ. ಹಾಗಾಗಿ ಒರಿಜಿನಲ್ ಎಲ್ಲ ಒಂದೇ ಡ್ರೈವ್‌ಗೆ. ಹೆಡ್‌ಮಾಸ್ಟರ್ ಬೀರುವಿನ ಪೆನ್‌ಡ್ರೈವ್‌ಗಳಿಗೆ ನಿವೃತ್ತಿ!

ಫೋಟೋ ಹಕ್ಕು ಯಾರದ್ದು ಅಂತ ಒಬ್ಬರು ಕೇಳಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ದುಡ್ಡು ಕೊಟ್ಟು ತೆಗೆಸಿದವರದ್ದೇ. ಆದರೂ ಕರಾರಿನಲ್ಲಿ ಬರೆಸಿಕೊಂಡೆವು. ಆಮೇಲೆ ಜಗಳ ಬೇಡ ಅಲ್ವಾ?

ಜಾಸ್ತಿ ತಲೆನೋವು ಪೋಷಕರ ಒಪ್ಪಿಗೆಯದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಪೋಷಕರ ಒಪ್ಪಿಗೆ ಬೇಕು. ಅಡ್ಮಿಷನ್ ಫಾರಂನಲ್ಲೇ ಆ ಪ್ರಶ್ನೆ ಸೇರಿಸಿದ್ದೇವೆ. ಬೇಡ ಅಂದವರ ಪಟ್ಟಿ ಕ್ಲಾಸ್ ಟೀಚರ್ ಹತ್ತಿರ ಇರುತ್ತದೆ. ಹರಿಹರದ ಪಟ್ಟಿ ಇನ್ನೂ ಬಂದಿಲ್ಲ, ಅಲ್ಲಿಯವರೆಗೆ ಅಲ್ಲಿನ ಫೋಟೋ ಒಂದನ್ನೂ ಹಾಕುತ್ತಿಲ್ಲ.