ಪದಚರ್ಚೆ: ಆರೋಪಿಗೆ ಏಕವಚನವೋ ಬಹುವಚನವೋ? ‘ಕ್ಲೀನ್ ಚಿಟ್’ ಎಂಬುದಕ್ಕೆ ಕನ್ನಡವೇನು?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಮಂಡ್ಯದಲ್ಲಿ ನ್ಯಾಯಾಲಯದ ಕಾಗದಪತ್ರಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಅನುವಾದ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಆರೋಪ ಹೊತ್ತ ಮನುಷ್ಯನ ಬಗ್ಗೆ ಬರೆಯುವಾಗ ಯಾವ ಸರ್ವನಾಮ, ಯಾವ ಕ್ರಿಯಾಪದ ಸರಿಯೆಂಬ ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. ಅದನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ನಮ್ಮ ಕಡೆಯ ದಿನಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಎರಡು ಬಗೆಯ ಸುದ್ದಿ ಅಕ್ಕಪಕ್ಕದಲ್ಲೇ ಇರುತ್ತವೆ. ಗದ್ದೆಯ ಪಂಪ್‌ಸೆಟ್ಟಿನ ಕೇಬಲ್ ಕದ್ದನೆಂದು ಸಿಕ್ಕಿಬಿದ್ದ ಕೂಲಿಯವನ ಸುದ್ದಿ ಸಾಮಾನ್ಯವಾಗಿ ‘ಆರೋಪಿಯನ್ನು ಬಂಧಿಸಲಾಗಿದೆ, ಈತ ರಾತ್ರಿ ವೇಳೆ ಕೇಬಲ್ ಕತ್ತರಿಸಿ ಮಾರುತ್ತಿದ್ದ’ ಎಂದು ಸಾಗುತ್ತದೆ. ಕಾಮಗಾರಿಯೇ ನಡೆಯದೆ ಬಿಲ್ಲು ಪಾಸಾದ ಪ್ರಕರಣದಲ್ಲಿ ಹೆಸರು ಬಂದಿರುವ ಜನಪ್ರತಿನಿಧಿಯ ಸುದ್ದಿಯಾದರೆ ‘ಅಕ್ರಮ ನಡೆದಿದೆ ಎನ್ನಲಾದ ಪ್ರಕರಣಕ್ಕೆ ಸಂಬಂಧಿಸಿದಂತೆ ಅವರು ವಿಚಾರಣೆಗೆ ಹಾಜರಾದರು’ ಎಂದಿರುತ್ತದೆ. ಇಬ್ಬರ ಮೇಲಿನ ಆರೋಪವೂ ಸಾಬೀತಾಗಿಲ್ಲ. ಸಂವಿಧಾನದ 14ನೇ ವಿಧಿಯಂತೆ ಕಾನೂನಿನ ಮುಂದೆ ಇಬ್ಬರೂ ಸಮಾನರು. ಆದರೂ ಒಬ್ಬನಿಗೆ ‘ಈತ’, ಇನ್ನೊಬ್ಬರಿಗೆ ‘ಅವರು’. ಒಬ್ಬನು ‘ಮಾರುತ್ತಿದ್ದ’ ಎಂದು ಪತ್ರಿಕೆಯೇ ನಿಶ್ಚಯವಾಗಿ ಹೇಳಿಬಿಡುತ್ತದೆ, ಇನ್ನೊಬ್ಬರ ವಿಷಯದಲ್ಲಿ ‘ಎನ್ನಲಾದ’ ಎಂಬ ಮಾತು ಅಡ್ಡ ನಿಂತು ಕಾಪಾಡುತ್ತದೆ. ಅಕ್ರಮವನ್ನು ‘ಮಾಡಿದವರು’ ಯಾರೂ ಆ ವಾಕ್ಯದಲ್ಲಿಲ್ಲ, ಅಕ್ರಮ ತಾನಾಗಿಯೇ ‘ನಡೆದಿದೆ’. ಇಂಗ್ಲಿಷಿನಲ್ಲಿ ಬರುವ ವರದಿಯಲ್ಲಿ ಇಬ್ಬರಿಗೂ ಒಂದೇ ಸರ್ವನಾಮವಿರುತ್ತದೆ. ಕನ್ನಡಕ್ಕೆ ತರುವವರು ವಚನವನ್ನು ಆರಿಸಲೇಬೇಕಾಗಿರುವುದರಿಂದ, ಮೂಲದಲ್ಲಿಲ್ಲದ ಮೇಲುಕೀಳು ನಮ್ಮ ಕೈಯಿಂದಲೇ ಸೇರಿಕೊಳ್ಳುತ್ತದೆ. ಅನುವಾದಕನಾಗಿ ನನ್ನನ್ನು ಹೆಚ್ಚು ಚುಚ್ಚುವುದು ಇದೇ.

ಏಕವಚನವೆಂದರೆ ಅವಮಾನವೆಂದು ನಾನು ಹೇಳುತ್ತಿಲ್ಲ. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ದೇವರಿಗೂ ಏಕವಚನವೇ: ‘ನಮ್ಮಪ್ಪ ಮಾದಪ್ಪ ಅವ್ನೆ’ ಎನ್ನುವವರ ಭಕ್ತಿಗೆ ಏನೂ ಕೊರತೆಯಿಲ್ಲ. ಶಾಲೆಯ ಪುಸ್ತಕದಲ್ಲಿ ಇಮ್ಮಡಿ ಪುಲಿಕೇಶಿಯು ಹರ್ಷನನ್ನು ‘ಸೋಲಿಸಿದನು’ ಎಂದು ಓದಿದ ನಾವೇ, ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಮಾತು ಬಂದಾಗ ‘ಕಟ್ಟಿಸಿದರು’ ಎನ್ನುತ್ತೇವೆ, ಎರಡೂ ಕಿವಿಗೆ ಸರಿಯಾಗಿಯೇ ಕೇಳಿಸುತ್ತವೆ. ಆಡುಮಾತಿನಲ್ಲಿ ಇವೆರಡರ ನಡುವೆ ‘ಆವಯ್ಯ’, ‘ಆಯಪ್ಪ’, ‘ಆಯಮ್ಮ’ ಎಂಬ ಒಳ್ಳೆಯ ನಡುದಾರಿಯೂ ಇದೆ. ಗುರುತಿಲ್ಲದವನನ್ನು ಹಗುರ ಮಾಡದೆ, ತೀರಾ ದೊಡ್ಡವನನ್ನಾಗಿಯೂ ಮಾಡದೆ ‘ಆಯಪ್ಪ ಬಂದ’ ಎನ್ನಬಹುದು. ಬರವಣಿಗೆಯ ಕನ್ನಡದಲ್ಲಿ ಆ ಜಾಗವನ್ನು ‘ಆತ’, ‘ಆಕೆ’ ತುಂಬಬೇಕಾಗಿತ್ತು. ‘ಅವನು’ ಎಂಬುದಕ್ಕಿಂತ ‘ಆತ’ ಒಂದು ತೂಕ ಹೆಚ್ಚಿನ ಮರ್ಯಾದೆಯ ಪದವೇ ಆಗಿದ್ದರೂ ಪೊಲೀಸ್ ಸುದ್ದಿಗಳಲ್ಲಿ ಸವೆದು ಸವೆದು, ಈಗ ‘ಈತ’ ಎಂದು ಓದಿದ ಕೂಡಲೇ ಕೈಗೆ ಬೇಡಿ ಬಿದ್ದವನ ಚಿತ್ರವೇ ಕಣ್ಣಿಗೆ ಬರುತ್ತದೆ.

ಠಾಣೆಯ ಕಾಗದದಲ್ಲಿ ಈ ಭೇದ ಇನ್ನಷ್ಟು ಸ್ಪಷ್ಟ. ಪ್ರಥಮ ವರ್ತಮಾನ ವರದಿಯಲ್ಲಿ (ಎಫ್‌ಐಆರ್) ‘ಪಿರ್ಯಾದುದಾರರು ಠಾಣೆಗೆ ಹಾಜರಾಗಿ’ ಎಂದು ಬಹುವಚನದಲ್ಲಿ ಮೊದಲಾಗುವ ವಾಕ್ಯ, ಎದುರು ಕಕ್ಷಿ ಬಂದಾಗ ‘ಸದರಿ ಆರೋಪಿತನು’ ಎಂದೋ ‘ಒಬ್ಬ ಆಸಾಮಿಯು’ ಎಂದೋ ಇಳಿಯುತ್ತದೆ. ಸ್ಥಳದಲ್ಲಿ ಕಂಡದ್ದನ್ನು ದಾಖಲಿಸುವ ಮಹಜರಿನಲ್ಲಿ ಪಂಚರೆಲ್ಲರೂ, ಅಂದರೆ ಅದಕ್ಕೆ ಸಾಕ್ಷಿಯಾದವರೆಲ್ಲರೂ, ಬಹುವಚನದವರು, ‘ಆಸಾಮಿ’ ಒಬ್ಬನೇ ಏಕವಚನದವನು. ಆದರೆ ಒಂದು ಗುಣವನ್ನು ಒಪ್ಪಬೇಕು: ಠಾಣೆಯ ಬರಹಗಾರರು ಬಹುಮಟ್ಟಿಗೆ ಎಲ್ಲ ಆರೋಪಿತರನ್ನೂ ಒಂದೇ ಅಚ್ಚಿನಲ್ಲಿ ಬರೆಯುತ್ತಾರೆ.

ಇನ್ನು ‘ಆರೋಪಿ’ ಎಂಬ ಪದವನ್ನೇ ನೋಡಿದರೆ, ಅದು ತಪ್ಪು ರೂಪವೆಂದು ಆಕ್ಷೇಪಿಸುವವರಿದ್ದಾರೆ. ‘ವಾದಿ’ ಎಂದರೆ ವಾದಿಸುವವನು, ಹಾಗೆಯೇ ‘ಆರೋಪಿ’ ಎಂದರೆ ಆರೋಪಿಸುವವನು ಎಂದಾಗುತ್ತದೆ, ಆದ್ದರಿಂದ ‘ಆರೋಪಿತ’ ಎನ್ನಬೇಕು ಎಂಬುದು ಅವರ ವಾದ. ‘ರೋಗಿ’, ‘ದೋಷಿ’ ಪದಗಳಂತೆ ಆರೋಪವುಳ್ಳವನು ಎಂದೂ ಅರ್ಥ ಮಾಡಬಹುದಾದ್ದರಿಂದ ವ್ಯಾಕರಣದ ದೃಷ್ಟಿಯಿಂದ ನನಗೆ ತಕರಾರಿಲ್ಲ. ನನ್ನ ತಕರಾರು ಆ ಸಾಲಿನ ಸಹವಾಸದ ಬಗ್ಗೆ. ‘ದೋಷಿ’, ‘ಅಪರಾಧಿ’ ಪದಗಳ ಜೊತೆಯಲ್ಲಿ ನಿಂತ ‘ಆರೋಪಿ’, ದೋಷ ಆ ಮನುಷ್ಯನಲ್ಲೇ ಇದೆಯೆಂಬ ಭಾವನೆಯನ್ನು ಓದುಗನಲ್ಲಿ ಮೂಡಿಸುತ್ತದೆ. ಕಾನೂನಿನ ಕನ್ನಡದಲ್ಲಿರುವ ‘ಆಪಾದಿತ’ ಎಂಬುದು ಬೇರೆ ಯಾರೋ ಇವನ ಮೇಲೆ ಹೊರಿಸಿದ್ದು ಎಂಬುದನ್ನು ಪದದಲ್ಲಿಯೇ ಹೇಳುತ್ತದೆ. ತೊಡಕೇನೆಂದರೆ ‘ಆರೋಪಿ’ಗೆ ಲಿಂಗಭೇದವಿಲ್ಲ, ‘ಆಪಾದಿತ’ಕ್ಕೆ ‘ಆಪಾದಿತನು, ಆಪಾದಿತಳು, ಆಪಾದಿತರು’ ಎಂದು ಮತ್ತೆ ಆಯ್ಕೆ ಮಾಡಬೇಕು. ವಿಚಾರಣೆಗೆ ಕಾಯುತ್ತ ಜೈಲಿನಲ್ಲಿರುವವರ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ಅಂದರೆ ಮುಕ್ಕಾಲು ಪಾಲು, ವಿಚಾರಣೆ ಮುಗಿಯದವರೇ ಆಗಿದ್ದರು. ಅವರನ್ನು ನಾವು ‘ವಿಚಾರಣಾಧೀನ ಕೈದಿಗಳು’ ಎನ್ನುತ್ತೇವೆ, ಕೇಳುವವರ ಕಿವಿಯಲ್ಲಿ ಉಳಿಯುವುದು ಕೊನೆಯ ಪದ ಮಾತ್ರ.

ಲಂಚದ ಸುದ್ದಿಗೆ ಬಂದರೆ ಭಾಷೆಯ ಭೇದವೂ ಕಾನೂನಿನ ನಡೆಯ ಭೇದವೂ ಒಂದರ ಮೇಲೊಂದು ಕೂರುತ್ತವೆ. ಖಾತೆ ಬದಲಾವಣೆಗೋ ಜಮೀನು ಅಳೆದು ಬೇರ್ಪಡಿಸುವ ಪೋಡಿಗೋ ದುಡ್ಡು ಕೇಳಿದ ಕೆಳಹಂತದ ನೌಕರನ ಕೈಗೆ, ಹಿಡಿಯಲು ಬಂದವರು ಮೊದಲೇ ಪುಡಿ ಸವರಿಟ್ಟ ನೋಟು ಬರುತ್ತದೆ. ಅವನ ಬೆರಳುಗಳನ್ನು ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಾರನೆಯ ದಿನ ‘ಲೋಕಾಯುಕ್ತ ಬಲೆಗೆ ಬಿದ್ದ ನೌಕರ’ ಎಂಬ ತಲೆಬರಹ. ದೊಡ್ಡ ಗುತ್ತಿಗೆಯ ಪಾಲು ಹಾಗೆ ಯಾರ ಕೈಗೂ ನೋಟಾಗಿ ಬರುವುದಿಲ್ಲ, ಅದು ಕಡತದ ಮೇಲಿನ ಒಂದು ತೀರ್ಮಾನವಾಗಿರುತ್ತದೆ. 1988ರ ಭ್ರಷ್ಟಾಚಾರ ನಿಗ್ರಹ ಕಾಯ್ದೆಗೆ 2018ರಲ್ಲಿ ಸೇರಿಸಿದ 17ಎ ಸೆಕ್ಷನ್ನಿನ ಪ್ರಕಾರ, ಸಾರ್ವಜನಿಕ ನೌಕರರು ಕೈಗೊಂಡ ತೀರ್ಮಾನದ ಬಗ್ಗೆ ಪೊಲೀಸರು ತನಿಖೆ ಮಾಡಬೇಕಾದರೆ ಮೇಲಿನವರ ಪೂರ್ವಾನುಮತಿ ಬೇಕು. ಲಂಚ ಪಡೆಯುವಾಗ ಸ್ಥಳದಲ್ಲೇ ಹಿಡಿದ ಪ್ರಕರಣಕ್ಕೆ ಬೇಡ. ಪ್ರಾಮಾಣಿಕ ಅಧಿಕಾರಿ ಹೆದರದೆ ಸಹಿ ಹಾಕಬೇಕೆಂಬುದು ಅದರ ಉದ್ದೇಶವೆಂದು ಹೇಳಲಾಗುತ್ತದೆ, ಆ ಉದ್ದೇಶವನ್ನು ತಳ್ಳಿಹಾಕುವಂತಿಲ್ಲ. ಆದರೆ ಬಲೆಗೆ ಯಾರು ಬೀಳುತ್ತಾರೆ, ಅನುಮತಿಯ ಕಡತ ಯಾರಿಗಾಗಿ ಕಾಯುತ್ತದೆ ಎಂಬುದು ಇದರಿಂದಲೇ ಬಹುಪಾಲು ನಿರ್ಧಾರವಾಗಿಬಿಡುತ್ತದೆ. ಪದಗಳೂ ಹಾಗೆಯೇ ಹಂಚಿಹೋಗಿವೆ. ಕೆಳಗಿನವನು ಮಾಡಿದ್ದು ‘ಲಂಚ’, ನಡುವಿನವರದು ‘ಮಾಮೂಲು’, ಮೇಲಿನವರದು ‘ಅವ್ಯವಹಾರ’, ಇನ್ನೂ ದೊಡ್ಡದಾದರೆ ‘ಹಗರಣ’. ಒಂದು ಕಾಲದಲ್ಲಿ ವೇಷ ಹಾಕಿ ಅಣಕಿಸುವ ಆಟಕ್ಕಿದ್ದ ಹೆಸರು ಈ ಕೊನೆಯದು, ಉತ್ತರ ಕನ್ನಡದ ಸುಗ್ಗಿಯಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ ‘ಲಂಚವಂಚನಕ್ಕೆ ಕೈಯಾನದ ಭಾಷೆ’ ಎಂದು ಆಣೆ ಇಟ್ಟಾಗ ಆ ಮಾತಿನಲ್ಲಿ ಕೈಯೊಡ್ಡುವ ಕೈ ಯಾರದೆಂಬುದು ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ‘ಅವ್ಯವಹಾರ ನಡೆದಿದೆ’ಯಲ್ಲಿ ಕೈಯೇ ಇಲ್ಲ. ‘ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ’ ಎಂಬ ಗಾದೆಯನ್ನು ಕಟ್ಟಿದ ಜನ ಇಬ್ಬರಿಗೂ ಒಂದೇ ಪದವನ್ನೂ ಒಂದೇ ವಚನವನ್ನೂ ಕೊಟ್ಟಿದ್ದರು.

ನನ್ನ ಎರಡನೆಯ ಪ್ರಶ್ನೆ ‘ಕ್ಲೀನ್ ಚಿಟ್’ ಕುರಿತದ್ದು. ಪ್ರಕರಣವೊಂದು ಕೊನೆಯಾಗುವ ಬಗೆಗಳು ಹಲವು. ಪೊಲೀಸರು ಬಿ ರಿಪೋರ್ಟ್, ಅಂದರೆ ಮುಂದುವರಿಸುವಂಥದ್ದು ಏನೂ ಸಿಗಲಿಲ್ಲವೆಂದು ತನಿಖೆ ಮುಗಿಸುವ ವರದಿ, ಹಾಕಬಹುದು. ಭ್ರಷ್ಟಾಚಾರ ನಿಗ್ರಹ ಕಾಯ್ದೆಯ 19ನೇ ಸೆಕ್ಷನ್ನಿನಂತೆ ವಿಚಾರಣೆಗೆ ಬೇಕಾದ ಮಂಜೂರಾತಿಯನ್ನು ಸರ್ಕಾರ ನಿರಾಕರಿಸಬಹುದು. ವಿಚಾರಣೆಗೆ ಮುನ್ನವೇ ನ್ಯಾಯಾಲಯ ಆಪಾದಿತನನ್ನು ಬಿಟ್ಟುಬಿಡಬಹುದು. ಸಾಕ್ಷ್ಯವನ್ನೆಲ್ಲ ಕೇಳಿ ಖುಲಾಸೆ ಮಾಡಬಹುದು. ಕೊನೆಯದರಲ್ಲಿ ಮಾತ್ರ ಸಾಕ್ಷ್ಯವನ್ನು ಪೂರ್ತಿಯಾಗಿ ಒರೆಗೆ ಹಚ್ಚಲಾಗಿರುತ್ತದೆ. ಆದರೆ ನಾಲ್ಕಕ್ಕೂ ‘ಕ್ಲೀನ್ ಚಿಟ್ ಸಿಕ್ಕಿತು’ ಎಂದೋ ‘ದೋಷಮುಕ್ತ’ ಎಂದೋ ಬರೆಯುವುದು ರೂಢಿಯಾಗಿದೆ. ಖುಲಾಸೆ ಕೂಡ ಕೊನೆಯ ಮಾತಾಗಬೇಕಾಗಿಲ್ಲ. ಜಯಲಲಿತಾ ಅವರ ಆಸ್ತಿ ಪ್ರಕರಣ ತಮಿಳುನಾಡಿನಿಂದ ಕರ್ನಾಟಕಕ್ಕೆ ವರ್ಗವಾಗಿ, 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿತು, 2015ರ ಮೇ ತಿಂಗಳಲ್ಲಿ ಹೈಕೋರ್ಟು ಖುಲಾಸೆ ಮಾಡಿತು, 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ವಿಶೇಷ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅಂಥ ಮಧ್ಯದ ಹಂತದಲ್ಲಿ ‘ದೋಷಮುಕ್ತ’ ಎಂದು ದಪ್ಪಕ್ಷರದಲ್ಲಿ ಅಚ್ಚಾದದ್ದು ಜನರ ನೆನಪಿನಿಂದ ಸುಲಭವಾಗಿ ಅಳಿಯುವುದಿಲ್ಲ.

ನನ್ನ ಕೆಲಸದಲ್ಲಿ ಸದ್ಯಕ್ಕೆ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ತೀರ್ಪು ಬರುವವರೆಗೆ ಕೂಲಿಯವರಾಗಲಿ ಶಾಸಕರಾಗಲಿ ಎಲ್ಲರಿಗೂ ‘ಆಪಾದಿತರು’ ಮತ್ತು ಬಹುವಚನದ ಕ್ರಿಯಾಪದ. ಇಬ್ಬರು ಮೂವರು ಆಪಾದಿತರಿದ್ದಾಗ ಗೊಂದಲವಾಗದಂತೆ ‘1ನೇ ಆಪಾದಿತರು’ ಎಂದು ಸಂಖ್ಯೆ. ಆರೋಪದ ವಾಕ್ಯಕ್ಕೆ ಎಲ್ಲರಿಗೂ ‘ಎಂದು ಆರೋಪಿಸಲಾಗಿದೆ’. ತೀರ್ಪಿನ ಅನಂತರ ಏನು ಮಾಡಬೇಕೆಂಬುದರಲ್ಲಿ ಇನ್ನೂ ಅನುಮಾನವಿದೆ. ಶಿಕ್ಷೆಯಾದವರಿಗೂ ಬಹುವಚನ ಉಳಿಸಬೇಕೆಂದು ನನ್ನ ಮನಸ್ಸು ಹೇಳುತ್ತದೆ, ಏಕೆಂದರೆ ನ್ಯಾಯಾಲಯ ವಿಧಿಸಿದ ಶಿಕ್ಷೆಯ ಮೇಲೆ ನಾವೊಂದು ಶಿಕ್ಷೆ ಸೇರಿಸುವ ಅಧಿಕಾರವಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರು ಇದನ್ನು ಒಪ್ಪುವುದಿಲ್ಲ.

ಧಾರವಾಡ, ಮಂಗಳೂರು, ಕಲಬುರಗಿ ಕಡೆಯ ಪತ್ರಿಕೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಯಾವ ರೂಢಿ ಇದೆ, ‘ಆಪಾದಿತರು’ ಎಂಬುದು ಅಲ್ಲಿಯ ಓದುಗರಿಗೆ ಸಹಜವಾಗಿ ಕೇಳಿಸುತ್ತದೆಯೇ ಎಂಬುದನ್ನು ದಯಮಾಡಿ ತಿಳಿಸಿ. ಮಂಜೂರಾತಿ ಸಿಗದೆ ನಿಂತುಹೋದ ಪ್ರಕರಣವನ್ನು ಖುಲಾಸೆಯಿಂದ ಬೇರೆ ಮಾಡಿ ತೋರಿಸುವ, ತಲೆಬರಹದಲ್ಲಿ ಹಿಡಿಯುವಷ್ಟು ಚಿಕ್ಕದಾದ ಕನ್ನಡ ಪದವನ್ನು ಯಾರಾದರೂ ಬಳಸಿದ್ದರೆ ಅದನ್ನೂ ಬರೆಯಿರಿ. ‘ವಿಚಾರಣೆಗೆ ತಡೆ’ ಎಂದು ನಾನು ಬರೆದು ನೋಡಿದ್ದೇನೆ, ಆದರೆ ಅದನ್ನು ನ್ಯಾಯಾಲಯ ಕೊಟ್ಟ ತಡೆಯಾಜ್ಞೆಯೆಂದು ಓದಿಕೊಳ್ಳುವವರೇ ಹೆಚ್ಚು.