ಮಗನ ರಿಪೋರ್ಟ್‌ನಲ್ಲಿ ಎಂಎಫ್‌ಎನ್2 ಎಂದಿದೆ, ಅನುಭವ ಇದ್ದವರು ಹೇಳಿ

ಮಗನಿಗೆ 11 ವರ್ಷ. ಎರಡು ವರ್ಷದಿಂದ ಎಡವುತ್ತಾನೆ, ಚಪ್ಪಲಿ ಕಾಲಲ್ಲಿ ನಿಲ್ಲುವುದಿಲ್ಲ. ಜೀನ್ ಪರೀಕ್ಷೆಯಲ್ಲಿ ‘ಎಂಎಫ್‌ಎನ್2, ಸಿಎಂಟಿ 2ಎ’ ಎಂದು ಬಂದಿದೆ. ಎಂಎಫ್‌ಎನ್2 ಜೀನಿನ ಹೆಸರು, ಸಿಎಂಟಿ ಅಂದರೆ ಚಾರ್ಕೋ-ಮರಿ-ಟೂತ್, ಜೀನ್ ದೋಷದಿಂದ ಕೈಕಾಲಿನ ನರ ಸೊರಗುವ ಕಾಯಿಲೆಯಂತೆ. ಇದಕ್ಕೆ ಔಷಧಿ ಇಲ್ಲ, ಕಾಲಿಗೆ ಬ್ರೇಸ್ ಹಾಕಿಸಿ ಅಂದರು ಡಾಕ್ಟರು. ನಮ್ಮಿಬ್ಬರ ಮನೆ ಕಡೆಯೂ ಯಾರಿಗೂ ಹೀಗಿಲ್ಲ. ಎಲ್ಲಿಂದ ಬಂತು ಇದು? ಬ್ರೇಸ್ ಹಾಕಿದರೆ ಕಾಲು ಇನ್ನೂ ಸೋಲುತ್ತದಾ? ಚಿಕ್ಕ ಮಗಳಿಗೂ ಪರೀಕ್ಷೆ ಮಾಡಿಸಬೇಕಾ?

ಉತ್ತರ 1

ಅಕ್ಕಾ, ನನಗೂ ಇದೇ ಇದೆ. ಈಗ 34 ವರ್ಷ. ಬ್ರೇಸ್ ಹಾಕಿದರೆ ಕಾಲು ಸೋಮಾರಿಯಾಗುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು, ನಾನೂ ನಂಬಿದೆ. ಸುಮ್ನೆ ಆರು ವರ್ಷ ಹೋಯಿತು. ಎರಡು ಸಲ ಕಾಲು ಉಳುಕಿತು, ಒಂದು ಸಲ ಮೂಳೆಯೇ ಮುರಿಯಿತು. ಬ್ರೇಸ್ ಹಾಕಿಕೊಂಡ ವಾರವೇ ನೆಲ ನೋಡದೆ ನಡೆಯುವುದಕ್ಕೆ ಬಂತು. ಅಲ್ಲಿವರೆಗೆ ಜೊತೆಗೆ ನಡೆಯುವವರ ಮುಖ ನೋಡಿ ಮಾತಾಡಿದ್ದೇ ಇರಲಿಲ್ಲ.

ರೆಡಿಮೇಡ್ ತರಬೇಡಿ. ಅವನ ಕಾಲಿನ ಅಚ್ಚು ತೆಗೆಸಿ ಮಾಡಿಸಿ. ಶೂ ಕೊಳ್ಳಲು ಹೋಗುವಾಗ ಬ್ರೇಸ್ ಹಾಕಿಸಿಕೊಂಡೇ ಹೋಗಿ, ಸೈಜ್ ದೊಡ್ಡದೇ ಬೇಕಾಗುತ್ತದೆ. ದಿನಾ ರಾತ್ರಿ ಕಾಲ್ಚೀಲ ಬಿಚ್ಚಿ ಹಿಮ್ಮಡಿ, ಬೆರಳ ಸಂದಿ ನೀವೇ ನೋಡಿ. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಮಾಡಿಕೊಟ್ಟವರ ಹತ್ತಿರ ವಾಪಸ್ ಹೋಗಿ ಸರಿ ಮಾಡಿಸಿ. ಪಾದದಲ್ಲಿ ಸ್ಪರ್ಶ ಕಡಿಮೆ ಇದ್ದರೆ ಗಾಯವಾದರೂ ಅವನಿಗೆ ಗೊತ್ತಾಗುವುದಿಲ್ಲ. ‘ನೋವಿದೆಯಾ’ ಅಂತ ಕೇಳಿದರೆ ಸಾಲದು.

ಇನ್ನೊಂದು ಮಾತು. ವಿಂಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಸಿಎಂಟಿ ಇರುವವರ ನರಕ್ಕೆ ತುಂಬಾ ಕೆಟ್ಟದ್ದು. ಮುಂದೆ ಯಾವ ಕಾಯಿಲೆಗೆ ಹೋದರೂ ಸಿಎಂಟಿ ಇದೆ ಎಂದು ಮೊದಲೇ ಹೇಳಿ. ನಾನು ಫೈಲಿನ ಮೇಲೇ ಬರೆದಿಟ್ಟಿದ್ದೇನೆ.

ಉತ್ತರ 2

ನಾನು ಲ್ಯಾಬ್‌ನಲ್ಲಿ ಮೈಟೋಕಾಂಡ್ರಿಯಾ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳನ್ನು ನೋಡುವವಳು. ಎಂಎಫ್‌ಎನ್2 ಜೀನ್ ಮೈಟೋಫ್ಯೂಸಿನ್ 2 ಎಂಬ ಪ್ರೋಟೀನ್ ಮಾಡಿಸುತ್ತದೆ. ಇದು ಮೈಟೋಕಾಂಡ್ರಿಯದ ಹೊರಪೊರೆಯಲ್ಲಿ ಕೂತು ಪಕ್ಕದ್ದರ ಪೊರೆಯನ್ನು ಹಿಡಿದೆಳೆಯುತ್ತದೆ, ಆಮೇಲೆ ಎರಡೂ ಸೇರಿ ಒಂದಾಗುತ್ತವೆ. ಮೈಕ್ರೋಸ್ಕೋಪ್‌ನಲ್ಲಿ ಶಾವಿಗೆ ಎಳೆಗಳ ಹಾಗೆ ಕಾಣುತ್ತದೆ. ಈ ಪ್ರೋಟೀನ್ ಇಲ್ಲದ ಕೋಶದಲ್ಲಿ ಬರೀ ನುಚ್ಚು. ಇದು ಮೈಟೋಕಾಂಡ್ರಿಯವನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲಕ್ಕೂ ಕಟ್ಟುತ್ತದೆ ಎಂದು 2008ರಲ್ಲಿ ಇಟಲಿಯ ಪಡುವಾ ನಗರದ ಸಂಶೋಧಕರು ತೋರಿಸಿದರು. ಆಮೇಲೆ ಬೇರೆ ಲ್ಯಾಬ್‌ಗಳಲ್ಲಿ ಅದಕ್ಕೆ ತದ್ವಿರುದ್ಧ ಫಲಿತಾಂಶವೂ ಬಂದಿದೆ.

ಎಲ್ಲಾ ಕೋಶದಲ್ಲೂ ಇರುವ ಪ್ರೋಟೀನ್ ಕೆಟ್ಟರೆ ಪಾದಕ್ಕೇ ಯಾಕೆ ಮೊದಲು ಪೆಟ್ಟು? ಸೊಂಟದ ಹತ್ತಿರ ಹುಟ್ಟುವ ನರದ ಎಳೆ ಪಾದದವರೆಗೆ ಹೋಗಬೇಕು, ದೊಡ್ಡವರಲ್ಲಿ ಸುಮಾರು ಒಂದು ಮೀಟರ್. ಅಷ್ಟು ದೂರ ಮೈಟೋಕಾಂಡ್ರಿಯಾ ಸಾಗಬೇಕು. ಮೈಟೋಫ್ಯೂಸಿನ್ ಕೆಟ್ಟರೆ ಆ ಸಾಗಾಟವೇ ನಿಧಾನ. ಹಾಗಾಗಿ ಉದ್ದದ ನರದ ತುದಿ ಮೊದಲು ಸೊರಗುತ್ತದೆ. ಕೈಬೆರಳು ಆಮೇಲೆ. ಅಕ್ಷರ, ಗುಂಡಿ ಹಾಕುವುದು, ಇವನ್ನೂ ಗಮನಿಸುತ್ತಿರಿ.

ಉತ್ತರ 3

ನಮ್ಮ ಮಗಳಿಗೂ ಹೀಗೇ, ಮನೆತನದಲ್ಲಿ ಯಾರಿಗೂ ಇರಲಿಲ್ಲ. ಈ ಜೀನ್‌ನಲ್ಲಿ ಮಗುವಿನಲ್ಲೇ ಹೊಸದಾಗಿ ಬದಲಾವಣೆ ಆಗುವುದು ಅಪರೂಪವಲ್ಲವಂತೆ. ನಿಮ್ಮ ತಪ್ಪು ಏನೂ ಇಲ್ಲಮ್ಮ. ಮೊದಲು ನಿಮ್ಮಿಬ್ಬರ ರಕ್ತದಲ್ಲಿ ಈ ಜೀನಿನ ಅದೇ ಬದಲಾವಣೆ ಇದೆಯಾ ನೋಡಿಸಿ. ಒಬ್ಬರಲ್ಲಿದ್ದರೆ ಸಾಮಾನ್ಯವಾಗಿ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇಬ್ಬರಲ್ಲೂ ಇಲ್ಲದಿದ್ದರೆ ಚಿಕ್ಕವಳ ಬಗ್ಗೆ ಹೆದರಿಕೆ ಬಹಳ ಕಡಿಮೆ. ನಮ್ಮ ಎರಡನೆಯವನಿಗೆ ಲಕ್ಷಣವೇ ಇಲ್ಲದ್ದರಿಂದ ಪರೀಕ್ಷೆ ಮಾಡಿಸಿಲ್ಲ, ದೊಡ್ಡವನಾದ ಮೇಲೆ ಅವನೇ ನಿರ್ಧರಿಸಲಿ. ಕೆಲವರಿಗೆ ಕಣ್ಣಿನ ನರಕ್ಕೂ ಬರುತ್ತದೆ, ಕಣ್ಣು ತೋರಿಸುತ್ತಿರಿ.

ಕೇಳಿದವರು

ಓದಿ ಈಗಷ್ಟೇ ಅವನ ಕಾಲ್ಚೀಲ ಬಿಚ್ಚಿ ನೋಡಿದೆ. ಎಡ ಹಿಮ್ಮಡಿಯಲ್ಲಿ ಗುಳ್ಳೆ ಒಡೆದು ಕಾಲ್ಚೀಲಕ್ಕೆ ಅಂಟಿಕೊಂಡಿದೆ. ಅವನಿಗೆ ಗೊತ್ತೇ ಇರಲಿಲ್ಲ. ಸೋಮವಾರ ಅಚ್ಚು ಕೊಡಲು ಹೋಗುತ್ತಿದ್ದೇವೆ.